ಇಮಾಮಸಾಬರ ಎಡಗಾಲು

ಮೊಳೆಯ ತಲೆ ಹೊಳೆಯುತ್ತಿತ್ತು. ಹಳೆಯ ಹಲಗೆಯ ಮೊಳೆಗೆ ತುಕ್ಕು ಇರಬೇಕು. ಇದಕ್ಕೆ ಇರಲಿಲ್ಲ. ಕಲ್ಲಿಗೆ, ಮರಳಿಗೆ, ಮನೆಯ ನೆಲಕ್ಕೆ ಉಜ್ಜಿ ಉಜ್ಜಿ ಅದು ಹೊಸ ಚಮಚದ ಹಾಗೆ ಬೆಳ್ಳಗಾಗಿತ್ತು. ಎಡ ಹಿಮ್ಮಡಿಯ ನಟ್ಟನಡುವೆ, ಚರ್ಮದ ಮಟ್ಟಕ್ಕೆ ಕೂತಿತ್ತು. ಉದ್ದವನ್ನು ಆಮೇಲೆ ಅಳೆದೆ: ಒಂದೂವರೆ ಅಂಗುಲ.

ಆ ಕಾಲಿನ ಮೇಲೆ ಒಬ್ಬ ಮನುಷ್ಯ ನಾಲ್ಕು ದಿನ ನಡೆದಿದ್ದರು. ದವಾಖಾನೆಗೂ ನಡೆದೇ ಬಂದಿದ್ದರು. ಬಂದದ್ದು ಕಾಲಿಗಾಗಿ ಅಲ್ಲ, ಜ್ವರಕ್ಕೆ.

ನಾನು ಡಾಕ್ಟರ್ ಕೆಲಸ ಬಿಟ್ಟು ಎಂಟು ತಿಂಗಳಾಯಿತು. ಮೂವತ್ತಮೂರನೆಯ ವಯಸ್ಸಿಗೆ ನಿವೃತ್ತಳಾದೆ ಎಂದು ಬರೆದರೆ ನಗುತ್ತಾರೆ. ಬಿಟ್ಟ ಕಾರಣ ನನ್ನ ಖಾಸಗಿ ವಿಷಯ, ಇಲ್ಲಿ ಬರುವುದಿಲ್ಲ. ಈ ವರ್ಷ ಮುಂಬಯಿಯಲ್ಲಿ ಓದು ಮುಗಿಸಿದ ಇಬ್ಬರು ಹುಡುಗಿಯರು ಈ ಸೀಮೆಯ ದವಾಖಾನೆಗಳಿಗೆ ಬರುತ್ತಿದ್ದಾರೆ. ಅವರಲ್ಲಿ ಒಬ್ಬಳು ನನಗೆ ಪತ್ರ ಬರೆದು, ಯಾವ ಯಾವ ಪುಸ್ತಕ ಜೊತೆಗೆ ತರಲಿ ಎಂದು ಕೇಳಿದ್ದಾಳೆ. ಪುಸ್ತಕದ ಪಟ್ಟಿ ಬರೆಯಲು ಕೂತವಳು ಇದನ್ನು ಬರೆಯುತ್ತಿದ್ದೇನೆ.

ಹಳಿಯಾಳ, ದಾಂಡೇಲಿ, ಮುಂಡಗೋಡ, ಜೋಯಿಡಾ, ಇವುಗಳ ನಡುವೆ ಏಳು ವರ್ಷ ಕೆಲಸ ಮಾಡಿದೆ. ಬರುವವರಲ್ಲಿ ಬಹುಪಾಲು ಚಳಿಜ್ವರದವರು. ಕ್ವಿನೈನ್ ಕಹಿಗೆ ಮುಖ ತಿರುಗಿಸುವವರನ್ನು ಒಪ್ಪಿಸುವುದೇ ದಿನದ ಅರ್ಧ ಕೆಲಸ. ಉಳಿದವರು ಮರದ ದಿಮ್ಮಿ ಉರುಳಿ ಕೈಕಾಲು ಜಜ್ಜಿಸಿಕೊಂಡವರು, ಕರಡಿ ಗೀರಿದವರು, ಹೆರಿಗೆಯಾಗದೆ ನರಳುತ್ತ ಎರಡು ದಿನ ಗಾಡಿಯಲ್ಲಿ ಬಂದವರು. ಇವೆಲ್ಲ ಕಣ್ಣಿಗೆ ಕಾಣುವ ರೋಗಗಳು. ನಾನು ಎಡವಿದ್ದು ಕಾಣದ ಒಂದರಲ್ಲಿ. ಅದು ನಡೆದ ದವಾಖಾನೆ ಯಾವುದೆಂದು ಹೇಳುವುದಿಲ್ಲ. ತಪ್ಪು ದವಾಖಾನೆಯದಲ್ಲ, ನನ್ನದು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ನಾನು ಬಂದ ಹೊಸದರಲ್ಲಿ ಗಂಡಸರು ನನ್ನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಟೊಪ್ಪಿಗೆಯನ್ನೋ ರುಮಾಲನ್ನೋ ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಲ್ಲುತ್ತಿದ್ದರು. ಹೊಟ್ಟೆನೋವು ಎಂದು ಹೇಳಿಸುವುದಕ್ಕೇ ಕಾಲು ಗಂಟೆ. ನಾನೂ ಮಾತಿನವಳಲ್ಲ. ಆಗ ಕಂಪೌಂಡರ್ ರುದ್ರಪ್ಪನವರು ಚೀಟಿಯ ಉಪಾಯ ತಂದರು. ಅವರು ಹಳಿಯಾಳದ ಹತ್ತಿರದ ಹಳ್ಳಿಯವರು, ಐವತ್ತು ದಾಟಿದವರು, ಹಣೆಯ ತುಂಬ ವಿಭೂತಿ. ಪಡಸಾಲೆಯಲ್ಲಿ ಕೂತು ಪ್ರತಿಯೊಬ್ಬನ ಬೇನೆ ಕೇಳಿ ಎರಡು ಮೂರು ಶಬ್ದಗಳಲ್ಲಿ ಚೀಟಿಗೆ ಬರೆಯುವರು. ರೋಗಿ ಚೀಟಿ ಹಿಡಿದು ಒಳಗೆ ಬಂದು ನನ್ನ ಮೇಜಿನ ಮೇಲೆ ಇಡುವನು. ನಾನು ಓದಿ, ನೋಡಿ, ಔಷಧ ಬರೆಯುವೆ.

ಇದರಿಂದ ಎಲ್ಲರಿಗೂ ಸಮಾಧಾನವಾಯಿತು. ಎಲ್ಲರಿಗಿಂತ ಹೆಚ್ಚು ನನಗೆ. ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಿದ್ದ ಮೇಲಧಿಕಾರಿ ಔಷಧದ ಕಪಾಟಿನ ಮೇಲೆ ಬೆರಳಾಡಿಸಿ ಧೂಳು ಹುಡುಕುವವರು, ಯಾರನ್ನೂ ಹೊಗಳದವರು. ಅವರು ಚೀಟಿಗಳ ಕಟ್ಟನ್ನು ತಿರುವಿ ನೋಡಿ, "ಇಷ್ಟು ಅಚ್ಚುಕಟ್ಟು ನಾನು ಬೇರೆಲ್ಲೂ ಕಂಡಿಲ್ಲ" ಎಂದು ಹೇಳಿ ಹೋದರು. ಆ ದಿನ ನನಗೆ ಹೆಮ್ಮೆಯಾಗಿತ್ತು. ಅದನ್ನೂ ಬರೆದಿಡಬೇಕು.

ಪಡಸಾಲೆಯ ಮಾತು ನನ್ನ ಕೋಣೆಗೆ ಅರ್ಧಂಬರ್ಧ ಕೇಳುತ್ತಿತ್ತು. ರುದ್ರಪ್ಪನವರಿಗೆ ಊರಿನವರೆಲ್ಲ ಗುರುತು, ಎಲ್ಲರೊಡನೆ ಚೇಷ್ಟೆ. ಅವರ ಹೆಚ್ಚಿನ ಚೇಷ್ಟೆ ಇಮಾಮಸಾಬರೊಡನೆ. ಇಮಾಮಸಾಬರು ಗೌಂಡಿ, ಗೋಡೆ ಕಟ್ಟುವವರು, ಗಾರೆ ಹಾಕುವವರು. ಇಬ್ಬರೂ ಒಂದೇ ವಯಸ್ಸಿನವರು, ಚಿಕ್ಕಂದಿನಲ್ಲಿ ಒಂದೇ ಕೆರೆಯಲ್ಲಿ ಈಸು ಕಲಿತವರು. ಮನೆಯಲ್ಲಿ ಉರ್ದು ಆಡುವ ಇಮಾಮಸಾಬರ ಕನ್ನಡದಲ್ಲಿ ಣಕಾರ ಇರಲಿಲ್ಲ. ಹಣ್ಣು ಅವರ ಬಾಯಲ್ಲಿ ಹನ್ನು, ಬೆಣ್ಣೆ ಬೆನ್ನಿ.

"ಏನೋ ಗೌಂಡಿ, ಬರೇ ಕೈಲೇ ಬಂದೀ? ಹನ್ನ ತರ್ಲಿಲ್ಲೇನೋ?" ಎಂದು ರುದ್ರಪ್ಪನವರು ಅಣಕಿಸುವರು.

"ತಂದಿದ್ದೆ. ನಿಮ್ಮ ದವಾಖಾನಿ ವಾಸ್ನಿಗೆ ಹನ್ನ ಕೊಳತ ಹೋತು, ಸಿಪ್ಪಿ ಉಳದಾವ. ಕೊಡ್ಲೇನು?"

ಯುದ್ಧದ ಕಾಲ. ಒಂದು ಬೆಳಿಗ್ಗೆ ಇಮಾಮಸಾಬರು ಚೀಟಿ ತಂದರು. ಕುಳಗಿಯ ಬಂಗಲೆಗೆ ಗಾರೆ ಹಾಕುವ ಕೆಲಸದಿಂದ ನೇರವಾಗಿ ಬಂದಿದ್ದರು. ಮೊಣಕಾಲಿನ ತನಕ ಬೆಳ್ಳಗೆ ಸುಣ್ಣ. ಚೀಟಿಯಲ್ಲಿ ಹೀಗಿತ್ತು: "ಎರಡೂ ಕಾಲು ಸುಣ್ಣ. ಉರಿ. ಮಲಗಿದಾಗ ಹೆಚ್ಚು."

ನಾನು ಕುರ್ಚಿಯಿಂದ ಏಳಲಿಲ್ಲ. ಮೇಜಿನ ಆಚೆಯಿಂದ ಕಾಲು ನೋಡಿದೆ. ಹಿಮ್ಮಡಿ ಒಡೆದಿತ್ತು. ಸುಣ್ಣ ತುಳಿದು ಸುಟ್ಟ ಕಾಲು ಎಂದು ಅನುಮಾನವೇ ಇಲ್ಲದೆ ಬರೆದೆ. ವಿನೆಗರ್ ಬೆರೆಸಿದ ನೀರಿನಿಂದ ತೊಳೆಯಬೇಕು. ದಿನಾ ಬೆಚ್ಚಗಿನ ನೀರಿಗೆ ಬೋರಿಕ್ ಪುಡಿ ಹಾಕಿ ಅದರಲ್ಲಿ ಕಾಲು ಇಡಬೇಕು. ಸುಣ್ಣ ಮುಟ್ಟಲೇಕೂಡದು.

"ಸುನ್ನ ಬಿಡ್ಬೇಕೇನ್ರಿ?" ಎಂದರು. ಗೌಂಡಿಗೆ ಅದು ಸಣ್ಣ ಮಾತಲ್ಲ.

"ಬಿಡಬೇಕು," ಎಂದೆ. ನಾನು ಅಂದು ಅವರೊಡನೆ ಆಡಿದ್ದು ಅದೊಂದೇ ಮಾತು.

ಮೂರು ವಾರದ ಮೇಲೆ ಮತ್ತೆ ಬಂದರು. ಚೀಟಿಯಲ್ಲಿ "ಬೊಬ್ಬೆ" ಎಂದಿತ್ತು. ಎರಡೂ ಪಾದಗಳ ಮೇಲೆ ನೀರು ತುಂಬಿದ ಬೊಬ್ಬೆಗಳು, ಗಿಣ್ಣಿನ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಎರಡೂ ಕಾಲಿನಲ್ಲಿ ಸರಿಸಮವಾಗಿ ಕೊನೆಗೊಂಡಿದ್ದವು, ಕಾಲುಚೀಲದ ಅಂಚಿನ ಹಾಗೆ. ಆ ಅಂಚನ್ನು ನಾನು ಕಣ್ಣಾರೆ ನೋಡಿದೆ. ಅದರ ಅರ್ಥ ನನಗೆ ಹೊಳೆಯಲಿಲ್ಲ. ನನ್ನ ಮಾತು ಕೇಳದೆ ಸುಣ್ಣ ತುಳಿದಿದ್ದಾರೆ ಎಂದುಕೊಂಡು ಬೈದೆ.

"ಅಲ್ಲಾನ ಆನಿ, ಮುಟ್ಟಿಲ್ರಿ ಡಾಕ್ಟರಬಾಯಿ. ಥಾಪಿ ಮನ್ಯಾಗ ಗೂಟಕ್ಕ ಹಾಕೇನಿ," ಎಂದರು. ಗಾರೆ ಮೆತ್ತುವ ಕರಣೆಗೆ ಇಲ್ಲಿ ಥಾಪಿ ಎನ್ನುತ್ತಾರೆ.

"ಹಂಗಾದ್ರ ಬೊಬ್ಬಿ ಹೆಂಗ ಬಂದವು?"

ಅವರಿಗೂ ಗೊತ್ತಿರಲಿಲ್ಲ. ಆ ಬೊಬ್ಬೆ ನನ್ನ ಬೋರಿಕ್ ನೀರಿನದು, ಆ ಅಂಚು ನೀರಿನ ಮಟ್ಟದ್ದು. ಕಾಲಿಟ್ಟಾಗ ನೀರು ತಣ್ಣಗಿದೆ ಎಂದು ಅವರಿಗೆ ಅನ್ನಿಸಿದೆ. ಹೆಂಡತಿಗೆ ಇನ್ನೂ ಹಾಕು, ಇನ್ನೂ ಹಾಕು ಎಂದಿದ್ದಾರೆ. ಆಕೆ ಒಲೆಯ ಮೇಲಿಂದ ಇಳಿಸಿ ಸುರಿದಿದ್ದಾರೆ. ಇದು ತಿಳಿಯುವುದಕ್ಕೆ ಇನ್ನೂ ಒಂದು ತಿಂಗಳು ಬೇಕಾಯಿತು. ನಾನು ಮುಲಾಮು ಬದಲಿಸಿ, ಸುಣ್ಣದ ಹತ್ತಿರವೂ ಸುಳಿಯಬಾರದೆಂದು ಮತ್ತೊಮ್ಮೆ ಹೇಳಿ ಕಳಿಸಿದೆ.

ಸುಣ್ಣವಿಲ್ಲದ ಕೆಲಸ ಹುಡುಕಿ ಅವರು ದಾಂಡೇಲಿಗೆ ಹೋದರು. ಅಲ್ಲಿ ಮರಮುಟ್ಟಿನ ನಾಟಾ ಡಿಪೋದ ಪಕ್ಕ ಒಂದು ಹಳೆಯ ಶೆಡ್ಡನ್ನು ಬಿಚ್ಚುತ್ತಿದ್ದರು. ಹಲಗೆಗಳಿಂದ ಮೊಳೆ ಕಿತ್ತು ಬೇರೆ ಮಾಡುವ ಕೆಲಸ ಸಿಕ್ಕಿತು. ಮೊಳೆ ಚೆಲ್ಲಿದ ನೆಲ, ಬರಿಗಾಲು. ಅಲ್ಲಿಗೆ ಅವರನ್ನು ಕಳಿಸಿದ್ದು ನನ್ನ ಚೀಟಿ.

ಜ್ವರಕ್ಕೆಂದು ಬಂದ ದಿನ ನನ್ನ ಕೋಣೆಯ ಫರಸಿ ಕಲ್ಲಿನ ಮೇಲೆ ಟಕ್, ಟಕ್ ಎಂದು ಸಪ್ಪಳವಾಯಿತು. ಹಿಂದಿನಿಂದ ರುದ್ರಪ್ಪನವರ ದನಿ: "ಏನಲೇ ಗೌಂಡಿ, ಕುದರಿಗತೆ ಲಾಳ ಹೊಡಿಸ್ಕೊಂಡೀಯೇನು?"

ಇಮಾಮಸಾಬರು ನಕ್ಕರು. ಅವರಿಗೂ ಆ ಸಪ್ಪಳ ಕೇಳಿತ್ತು, ಎಲ್ಲಿಂದ ಎಂದು ತಿಳಿದಿರಲಿಲ್ಲ.

ನಾನು ಮೊದಲ ಸಲ ಕುರ್ಚಿಯಿಂದ ಎದ್ದೆ. ಬೆಂಚಿನ ಮೇಲೆ ಮಲಗಿಸಿ ಕಾಲು ಎತ್ತಿ ನೋಡಿದೆ. ನೋಡಿದ್ದನ್ನು ಮೊದಲೇ ಬರೆದಿದ್ದೇನೆ. ಹಿಮ್ಮಡಿಯ ಸುತ್ತ ಚರ್ಮ ಬೂದಿ ಬಣ್ಣವಾಗಿತ್ತು, ಒತ್ತಿದರೆ ಕೀವು. ಚಿಮಟಿಗೆಯಿಂದ ಮೊಳೆ ಎಳೆದೆ. ಅವರು ಛಾವಣಿ ನೋಡುತ್ತ ಮಲಗಿದ್ದರು.

"ನೋವಾತೇನು?"

"ಯಾಕ್ರಿ, ಏನ್ ಮಾಡಿದ್ರಿ?" ಎಂದರು.

ಮೊಳೆಯನ್ನು ಅವರ ಕಣ್ಣ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅದನ್ನು ನೋಡಿದರು. "ನಂದೇನ್ರಿ ಇದು?" ಎಂದರು. ಮನುಷ್ಯನ ಮುಖದಿಂದ ಬಣ್ಣ ಇಳಿಯುವುದು ಎಂದು ಕಥೆಗಳಲ್ಲಿ ಓದಿದ್ದೆ. ಅಂದು ಕಂಡೆ.

ಕಣ್ಣು ಮುಚ್ಚಿಸಿ ಅರಳೆಯ ಎಳೆಯನ್ನು ಪಾದಕ್ಕೆ ತಾಗಿಸಿದೆ. "ಈಗ?" ಎಂದು ಕೇಳಿದೆ. "ಈಗ ಏನ್ರಿ?" ಎಂದರು. ಸೂಜಿ ಚುಚ್ಚಿದೆ. ಮತ್ತೆ ಅದೇ ಉತ್ತರ. ಬಲಗಾಲೂ ಹಾಗೆಯೇ. ಬಾಗಿಲಲ್ಲಿ ನಿಂತಿದ್ದ ರುದ್ರಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. "ಬಾಯಾರ, ಮುಟ್ಟಬ್ಯಾಡ್ರಿ. ಇದು ಮಹಾರೋಗ," ಎಂದು ಮೆಲ್ಲಗೆ ಅಂದರು. ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿತು. ನಲವತ್ತು ವರ್ಷದ ಗೆಳೆಯ ಹಿಂದೆ ಸರಿದದ್ದನ್ನು ಇಮಾಮಸಾಬರು ಕಣ್ಣು ತೆರೆದು ನೋಡಿದರು.

ನಾನೂ ಆ ಕ್ಷಣ ಕುಷ್ಠವನ್ನೇ ನೆನೆದೆ. ಆದರೆ ಮೈಮೇಲೆ ಎಲ್ಲೂ ಮಚ್ಚೆ ಇರಲಿಲ್ಲ, ಮೊಣಕಾಲಿನ ಪಕ್ಕದ ನರ ದಪ್ಪವಾಗಿರಲಿಲ್ಲ. ಸ್ಪರ್ಶಜ್ಞಾನ ತಪ್ಪಿದ ಭಾಗ ತೇಪೆ ತೇಪೆಯಾಗಿ ಇರಲಿಲ್ಲ. ಎರಡೂ ಕಾಲಿನಲ್ಲಿ ಬೆರಳಿನಿಂದ ಮೇಲಕ್ಕೆ, ಒಂದೇ ಎತ್ತರಕ್ಕೆ ಏರಿ ನಿಂತಿತ್ತು. ಅವರ ಹೆಂಡತಿ ಹಸೀನಾಬಿ ಗೋಡೆಯ ಬದಿಗೆ ಸೆರಗು ಕಚ್ಚಿಕೊಂಡು ನಿಂತಿದ್ದರು. ಅವರನ್ನು ಕೇಳಿದೆ, ಬೇರೇನಾದರೂ ತೊಂದರೆ ಇದೆಯೇ ಎಂದು.

"ನೀರ ಭಾಳ ಕುಡೀತಾರ್ರಿ ಬಾಯಿಸಾಬ. ಕೊಡ ಕೊಡ ಕುಡೀತಾರ. ಮತ್ತ..." ಎಂದು ನಾಚಿ ನಿಲ್ಲಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದರು: "ಇವ್ರು ಹೋದ ಜಾಗಾದಾಗ ಇರುವಿ ಮುತ್ತತಾವ್ರಿ."

ಕಪಾಟಿನ ಹಿಂದೆ ನೀಲಿ ದ್ರಾವಣದ ಬಾಟಲಿ ಇತ್ತು. ಏಳೆಂಟು ತಿಂಗಳಿಂದ ಅದನ್ನು ನಾನು ಮುಟ್ಟಿರಲಿಲ್ಲ. ಅದನ್ನು ನಳಿಗೆಯಲ್ಲಿ ಹಾಕಿ, ಅವರ ಮೂತ್ರದ ಎಂಟು ಹನಿ ಸೇರಿಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಿದೆ. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯಬೇಕು. ಅದು ಹಸಿರಾಯಿತು, ಹಳದಿಯಾಯಿತು. ನಾನು ಉಸಿರು ಬಿಡುವುದರೊಳಗೆ ಇಟ್ಟಿಗೆಯ ಕೆಂಪಾಗಿ ನಳಿಗೆಯ ತಳಕ್ಕೆ ಕೂತಿತು.

"ಸಿಹಿಮೂತ್ರ," ಎಂದೆ. "ರಕ್ತದಾಗ ಸಕ್ಕರಿ ಹೆಚ್ಚಾಗ್ಯದ. ಅದು ನರ ತಿಂದದ."

"ಸಕ್ರಿ ಏನ್ರಿ?" ಇಮಾಮಸಾಬರು ಎದ್ದು ಕೂತರು. "ರೇಶನ್ ಕಂಟ್ರೋಲ್ ಬಂದಾಗಿಂದ ಸಕ್ರಿ ಮಾರಿ ನೋಡಿಲ್ಲ ನಾ. ಚಾ ಸಹಿತ ಬೆಲ್ಲದ್ದು."

ರುದ್ರಪ್ಪನವರು ಹತ್ತಿರ ಬಂದು ಅವರ ಭುಜದ ಮೇಲೆ ಕೈ ಇಟ್ಟರು. ಇಮಾಮಸಾಬರು ಆ ಕೈಯನ್ನು ತೆಗೆಯಲಿಲ್ಲ, ಹಿಡಿಯಲೂ ಇಲ್ಲ.

ಇನ್ಸುಲಿನ್ ನಮ್ಮಲ್ಲಿ ಇರಲಿಲ್ಲ. ಕೀವು ಎಲುಬಿಗೆ ಇಳಿದಿರಬಹುದು ಎಂಬ ಭಯ. ಅದೇ ದಿನದ ರೈಲುಗಾಡಿಯಲ್ಲಿ ಅವರನ್ನು ಬೆಳಗಾವಿಗೆ ಕರೆದೊಯ್ಯಲು ಹೊರಟೆ. ಅಳ್ನಾವರದಲ್ಲಿ ಗಾಡಿ ಬದಲಿಸಬೇಕು. ಆ ಸಣ್ಣ ಗಾಡಿ ಕಾಡಿನೊಳಗೆ ನಿಂತು ನಿಂತು ಹೋಗುತ್ತದೆ. ಇಮಾಮಸಾಬರು ಬೆಂಚಿನ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದ್ದರು. ಎದುರಿನ ಬೆಂಚಿನ ಮುದುಕಿಯೊಬ್ಬರು ಏನಾಯಿತೆಂದು ಹಸೀನಾಬಿಯನ್ನು ಉರ್ದುವಿನಲ್ಲಿ ಕೇಳಿದರು. ಹಸೀನಾಬಿ ತಮ್ಮ ಮಾತಿನಲ್ಲೇ ಹೇಳಿದರು: "ಪೈಲೇ ಪಾಂವಾಂ ಸುನ್ನ ಪಡ್ ಗಯೇ, ಬಾದ್ ಮೇ ಯೇ ಸಬ್ ಹುವಾ."

ಮೊದಲು ಕಾಲು ಸುನ್ನ ಆದವು, ಆಮೇಲೆ ಇದೆಲ್ಲ ಆಯಿತು.

ಮುಂಬಯಿಯ ವಾರ್ಡುಗಳಲ್ಲಿ ಆರು ವರ್ಷ ಈ ಶಬ್ದ ಕೇಳಿದ್ದೇನೆ. ಸುನ್ನ ಎಂದರೆ ಜೋಮು, ಮರಗಟ್ಟುವುದು, ಮುಟ್ಟಿದರೆ ತಿಳಿಯದಿರುವುದು. ಇಮಾಮಸಾಬರ ಕಡೆ ಬಾಗಿ ಕೇಳಿದೆ: "ಮೊದಲನೇ ದಿನ ರುದ್ರಪ್ಪನವರ ಮುಂದ ಏನಂತ ಹೇಳಿದ್ರಿ?"

ಅವರು ಕಣ್ಣು ತೆರೆಯದೆ ಹೇಳಿದರು. "ಅದs ರೀ. ಎರಡೂ ಕಾಲು ಸುನ್ನ ಆಗ್ಯಾವ, ಮಲಗಿದ್ರ ಉರೀತಾವ ಅಂತ."

ಊರಿಗೆ ಮರಳಿದ ಮೇಲೆ ರುದ್ರಪ್ಪನವರನ್ನು ಕೇಳಿದೆ. "ಅವ ಣ ಅನ್ನೂದಿಲ್ಲಲ್ರಿ ಬಾಯಾರ. ಹಣ್ಣಿಗೆ ಹನ್ನ ಅಂತಾನ. ಸುನ್ನ ಅಂದ, ಮ್ಯಾಲ ಮೈತುಂಬ ಸುಣ್ಣ ಬಡಕೊಂಡ ನಿಂತಿದ್ದ. ನಾ ತಿದ್ದಿ ಬರದೆ," ಎಂದರು. ಅವರು ಗೆಳೆಯನ ಕನ್ನಡವನ್ನು ತಿದ್ದಿದ್ದರು. ಹೊರಗೆ ಆದದ್ದು ಇಷ್ಟೇ. ಒಳಗೆ ಕೂತಿದ್ದವಳು ನಾನು. ರೋಗಿ ನನ್ನಿಂದ ಮೂರು ಮೊಳ ದೂರದಲ್ಲಿ ನಿಂತಿದ್ದರು, ಬಾಯಿ ಇದ್ದವರು, ನನಗೆ ಅವರ ಭಾಷೆ ತಿಳಿಯುತ್ತಿತ್ತು. ನಾನು ಕೇಳಲಿಲ್ಲ, ಚೀಟಿ ಓದಿದೆ.

ಬೆಳಗಾವಿಯ ಆಸ್ಪತ್ರೆಯಲ್ಲಿ ನನಗೆ ಪರಿಚಯದ ಒಬ್ಬ ಹಿರಿಯ ಸರ್ಜನ್ ಇದ್ದರು. ಮೂರು ದಿನ ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿದರು. ಪಾದ ಮಾತ್ರ ಇನ್ನಷ್ಟು ಕೆಟ್ಟಿತು. ಬೆರಳುಗಳು ಕಪ್ಪಾದವು. ಜ್ವರ ಮತ್ತೆ ಏರಿತು. ಮೊಣಕಾಲಿನ ಕೆಳಗೆ ಕತ್ತರಿಸದಿದ್ದರೆ ಜೀವ ಉಳಿಯುವುದಿಲ್ಲ, ಮರುದಿನ ಮಧ್ಯಾಹ್ನದೊಳಗೆ ಮಾಡಬೇಕು ಎಂದರು. ಇಮಾಮಸಾಬರು ಒಪ್ಪಲಿಲ್ಲ. ಮೂರು ಜನ ಡಾಕ್ಟರು ಹೇಳಿದರೂ ಒಲ್ಲೆನೆಂದು ತಲೆ ಅಲ್ಲಾಡಿಸಿದರು. ಕೊನೆಗೆ ಅಂದರು: "ನಮ್ಮ ಡಾಕ್ಟರಬಾಯಿ ಹೇಳ್ಲಿ. ಅವ್ರು ಹೂಂ ಅಂದ್ರ ನಾನೂ ಹೂಂ."

ಸರ್ಜನ್ ನನ್ನನ್ನು ಹೊರಗೆ ಕರೆದರು. ಅವರಿಗೆ ನಾನು ಎಲ್ಲವನ್ನೂ ಹೇಳಿದ್ದೆ. "ಈಗ ಅವನಿಗೆ ಏನೂ ಹೇಳಬೇಡ. ಅವನಿಗೆ ಉಳಿದಿರುವ ನಂಬಿಕೆ ನೀನೊಬ್ಬಳೇ. ಅದೂ ಹೋದರೆ ಒಪ್ಪುವುದಿಲ್ಲ, ಸಾಯುತ್ತಾನೆ. ಗುಣವಾದ ಮೇಲೆ ಹೇಳಿಕೊಳ್ಳುವೆಯಂತೆ," ಎಂದರು. ಒಳ್ಳೆಯ ವೈದ್ಯರು, ಒಳ್ಳೆಯ ಮನುಷ್ಯರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಇವತ್ತಿಗೂ ಆಗುವುದಿಲ್ಲ.

ಮುಂದಿನದನ್ನು ಹೇಳುವ ಮೊದಲು ಹೊಸದಾಗಿ ಬರುವವರಿಗಾಗಿ ಸ್ವಲ್ಪ ಬರೆಯಬೇಕು. ಚೀಟಿಯ ಪದ್ಧತಿ ನಿಂತಿತು. ಕಾಲು ಉರಿ, ಕಾಲು ಜೋಮು, ಹತ್ತಿಯ ಮೇಲೆ ನಡೆದ ಹಾಗೆ, ಇರುವೆ ಹರಿದ ಹಾಗೆ ಎಂದು ಯಾರೇ ಹೇಳಿದರೂ ನಾನು ಮೊದಲು ಪಾದದ ಅಡಿ ನೋಡುತ್ತಿದ್ದೆ. ಆಮೇಲೆ ಅರಳೆ, ಸೂಜಿ, ನೀಲಿ ದ್ರಾವಣ. ಬೆಚ್ಚಗಿನ ನೀರು ಎಂದು ಬರೆಯುವುದನ್ನು ಬಿಟ್ಟೆ. ಮನೆಯವರು ಮೊಣಕೈ ಅದ್ದಿ ನೋಡಿದ ನೀರು ಎಂದು ಬಾಯಿಂದ ಹೇಳಿ, ಅವರಿಂದ ತಿರುಗಿ ಹೇಳಿಸುತ್ತಿದ್ದೆ. ಬರಿಗಾಲಲ್ಲಿ ನಡೆಯಬೇಡಿ ಎಂದರೆ ಜನ ನಗುತ್ತಾರೆ. ನಗಲಿ, ಹೇಳಬೇಕು. ದಿನಕ್ಕೊಮ್ಮೆ ಇನ್ನೊಬ್ಬರು ಅಂಗಾಲು ನೋಡಬೇಕು, ಏಕೆಂದರೆ ಕಾಲಿನವರಿಗೆ ಕಾಲು ಸುದ್ದಿ ಕೊಡುವುದಿಲ್ಲ.

ಎರಡು ವರ್ಷದ ಮೇಲೆ ಮುಂಡಗೋಡದ ಕಡೆಯ ಒಂದು ಹಳ್ಳಿಯಲ್ಲಿ ಬಸಮ್ಮ ಎಂಬವರನ್ನು ನೋಡಲು ಕರೆದರು. ಲಿಂಗಾಯತ ರೈತರ ಮನೆ, ಅನುಕೂಲಸ್ಥರು. ಆಕೆ ಒಲೆಯ ಕೆಂಡ ತುಳಿದು ತಿಳಿಯದೆ ನಿಂತದ್ದನ್ನು ಕಂಡು ಮನೆಯವರು ಮಹಾರೋಗವೆಂದು ತೀರ್ಮಾನಿಸಿ ದನದ ಕೊಟ್ಟಿಗೆಯಲ್ಲಿ ಇರಿಸಿದ್ದರು. ಬೇರೆ ತಟ್ಟೆ, ಬೇರೆ ಚಂಬು. ಪೂಜೆಗೆಂದು ಅಂಗೈಯಲ್ಲಿ ಇಡುವ ಲಿಂಗವನ್ನು ಸಹ ತಾನು ಮುಟ್ಟಬಹುದೋ ಇಲ್ಲವೋ ಎಂದು ಹೆದರಿ ಆಕೆ ಐದು ತಿಂಗಳು ಸುಮ್ಮನೆ ಕೊರಳಿನ ವಸ್ತ್ರದಲ್ಲೇ ಕಟ್ಟಿಟ್ಟುಕೊಂಡಿದ್ದರು. ನಾನು ಕೊಟ್ಟಿಗೆಯಲ್ಲೇ ನಳಿಗೆ ಕಾಯಿಸಿದೆ. ಕೆಂಪು ಬಂತು. ಮನೆಯವರಿಗೆಲ್ಲ ತೋರಿಸಿ, ಆಕೆಯ ಚಂಬಿನಿಂದ ನೀರು ಕುಡಿದೆ. ಅದನ್ನು ತೋರಿಕೆಗೆ ಮಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ತೋರಿಸುವುದು ಅಗತ್ಯವಿತ್ತು. ಆಕೆಯ ಅತ್ತೆ ಹೋಗಿ ಒಳಮನೆಯ ಬಾಗಿಲು ತೆರೆದರು.

ಇಮಾಮಸಾಬರು ಬದುಕಿದ್ದಾರೆ. ಇದನ್ನು ಬರೆಯಲೇ ಎಂದು ಅವರನ್ನು ಕೇಳಿದೆ. "ಬರೀರಿ. ರುದ್ರ್ಯಾನ ಕೈಯಾಗ ಮಾತ್ರ ಬರಸಬ್ಯಾಡ್ರಿ," ಎಂದರು.

ಈಗ ಬೆಳಗಾವಿಯ ಆ ಸಂಜೆ.

ಸರ್ಜನ್ ಹೇಳಿದ್ದನ್ನು ಯೋಚಿಸುತ್ತ ವಾರ್ಡಿನ ಹೊರಗೆ ನಿಂತಿದ್ದೆ. ಸುಮ್ಮನಿದ್ದರೆ ಅವರ ಜೀವ ಉಳಿಯುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಎರಡೂ ಒಟ್ಟಿಗೆ ಉಳಿಯುತ್ತಿದ್ದುದರಿಂದಲೇ ನನಗೆ ಆ ಮೌನದ ಮೇಲೆ ಅನುಮಾನ ಬಂತು. ನನ್ನ ಮಾತಿನ ಮೇಲೆ ಒಬ್ಬ ಮನುಷ್ಯ ತನ್ನ ಕಾಲು ಕೊಡಲು ಸಿದ್ಧನಿದ್ದಾಗ, ಆ ಮಾತಿನ ಬೆಲೆ ಎಷ್ಟು ಎಂಬುದು ಅವನಿಗೆ ಗೊತ್ತಿರಬೇಕು. ಹೇಳಿದರೆ ಸಾಯಬಹುದು ಎಂಬುದೂ ನಿಜ. ಒಳಗೆ ಹೋದೆ.

ಹಸೀನಾಬಿ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು.

"ಇಮಾಮಸಾಬರ, ಒಂದು ಮಾತು ಹೇಳೋದದ. ನೀವು ಸುನ್ನ ಅಂದಿದ್ರಿ. ನಾ ಸುಣ್ಣ ಅಂತ ತಿಳಕೊಂಡೆ. ಸುಣ್ಣಕ್ಕ ಔಷಧ ಕೊಟ್ಟೆ. ರೋಗ ಬ್ಯಾರೆ ಇತ್ತು. ಬೊಬ್ಬಿ ಬಂದದ್ದು ನಾ ಹೇಳಿದ ನೀರಿನಿಂದ."

ಬೀಸಣಿಗೆ ನಿಂತಿತು. ಇಮಾಮಸಾಬರು ನನ್ನನ್ನೇ ನೋಡುತ್ತಿದ್ದರು.

"ಎರಡೂ ಸಲೇನ್ರಿ?"

"ಎರಡೂ ಸಲ."

"ಹಂಗಾರ ನಾ ಕೆಲಸ ಬಿಟ್ಟಿದ್ದು?"

"ಬಿಡೋದು ಬೇಕಾಗಿರಲಿಲ್ಲ."

ಅವರು ಕೇಳಿದರು, ಕೋಪವಿಲ್ಲದೆ, ನಿಜವಾಗಿ ತಿಳಿಯಬೇಕೆಂಬ ದನಿಯಲ್ಲಿ: "ಈಗ ಕಾಲ ಕಡೀಬೇಕು ಅಂತೀರಲ್ರಿ ಡಾಕ್ಟರಬಾಯಿ. ಇದನ್ನರ ಸರಿ ಕೇಳೀರೇನು?"

ಅವರು ಗೋಡೆಯ ಕಡೆ ಹೊರಳಿದರು. ಹಸೀನಾಬಿ ನನ್ನನ್ನು ಬಾಗಿಲ ತನಕ ಬಂದು ಕಳಿಸಿದರು. "ಯಾಕ ಹೇಳಿದ್ರಿ ಬಾಯಿಸಾಬ?" ಎಂದು ಅತ್ತರು.

ಮರುದಿನ ಬೆಳಿಗ್ಗೆ ಆರೂವರೆಗೆ ವಾರ್ಡಿಗೆ ಹೋದೆ. ಅವರು ಎಚ್ಚರವಾಗಿದ್ದರು. ಜ್ವರಕ್ಕೆ ತುಟಿ ಒಣಗಿತ್ತು. ನಾನು ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತು, ನೋಟ್‌ಬುಕ್ಕು ತೆರೆದೆ.

"ಮೊದಲಿಂದ ಹೇಳ್ರಿ. ನಿಮ್ಮ ಮಾತಿನಾಗs ಹೇಳ್ರಿ. ನಾ ಬರಕೋತೀನಿ."

ಪೆನ್ಸಿಲು ಹಿಡಿದು ಕಾದೆ. ಅವರು ಶುರು ಮಾಡಿದರು.

"ಮೊದ್ಲ ಬೆರಳಿನಾಗ ಇರುವಿ ಹರದಂಗ ಆತ್ರಿ. ಆಮ್ಯಾಲ ಮಲಗಿದ್ರ ಉರಿ. ಚಾದರ ತಾಗಿದ್ರೂ ಕೆಂಡ ಇಟ್ಟಂಗ. ನಸೀಕಿನ ತನಾ ಹೊರಗ ತನ್ನನ ಕಲ್ಲಿನ ಮ್ಯಾಲ ನಿಂದರ್ತಿದ್ದೆ. ಅದ ಹ್ವಾದಮ್ಯಾಲ ಏನೂ ಇಲ್ಲ. ಹತ್ತಿ ಮ್ಯಾಲ ನಡದಂಗ. ಚಪ್ಲಿ ಕಳಚಿ ಹಿಂದ ಉಳದ್ರೂ ಗೊತ್ತಿಲ್ಲ." ಉಸಿರು ತೆಗೆದುಕೊಂಡರು. "ಗಾರಿ ಹದ ಕೈಗೆ ಗೊತ್ತಾಗೂದಿಲ್ರಿ, ಕಾಲಿಗೆ ಗೊತ್ತಾಗೂದು. ತುಳಿತಿರಬೇಕಾದ್ರ ಉಸಕ ಹೆಚ್ಚಾತೋ ಕಡಿಮಿ ಆತೋ ಕಾಲು ಹೇಳ್ತೈತಿ. ನನ್ನ ಕಾಲು ಹೇಳೂದ ಬಿಡ್ತು. ಕುಳಗ್ಯಾಗ ಒಂದ ಗ್ವಾಡಿ ಬಿರಕ ಬಿಟ್ಟೈತಿ ನೋಡ್ರಿ. ಅದು ನಾ ಮಾಡಿದ್ದು. ಯಾರ ಮುಂದೂ ಹೇಳಿಲ್ಲ."

ಬರೆದದ್ದನ್ನು ಓದಿ ಹೇಳಿದೆ. "ಬಿರಕಲ್ರಿ," ಎಂದು ತಿದ್ದಿದರು, "ಬಿರಕ ಅಂದ್ರ ದೊಡ್ಡದು. ಗೀರು ಅಂತ ಬರೀರಿ." ಬರೆದೆ. ಮತ್ತೆ ಓದಿದೆ. "ಹೂಂ, ಈಗ ಸರಿ," ಎಂದರು.

ಆಮೇಲೆ ಸೂಜಿ ತೆಗೆದೆ. ಈ ಸಲ ಕಣ್ಣು ಮುಚ್ಚಿಸಲಿಲ್ಲ. ಹಸೀನಾಬಿ ಅವರನ್ನು ಬೆನ್ನಿಗೆ ಕೈಕೊಟ್ಟು ಎತ್ತಿ ಕೂರಿಸಿದರು. ಕಪ್ಪಾದ ಬೆರಳಿನಲ್ಲಿ ಸೂಜಿ ಒಳಗೆ ಹೋಗುವುದನ್ನು ಅವರು ನೋಡಿದರು. ರಕ್ತ ಬರಲಿಲ್ಲ. ಪಾದದಲ್ಲಿ, ಗಿಣ್ಣಿನಲ್ಲಿ, ಅದರ ಮೇಲೆ ಒಂದೊಂದೇ ಬೆರಳು ಎತ್ತರಕ್ಕೆ ಏರುತ್ತ ಹೋದೆ. ಮೀನಖಂಡದ ಅರ್ಧಕ್ಕೆ ಬಂದಾಗ "ಆಂ!" ಎಂದು ಕಾಲು ಸೆಳೆದುಕೊಂಡರು. ಅಲ್ಲಿ ಕೆಂಪು ಹನಿ ಮೂಡಿತು.

ಅವರು ಆ ಹನಿಯನ್ನು ನೋಡುತ್ತ ಕೂತರು. ಹೊರಗೆ ಯಾರೋ ಬಕೆಟ್ಟು ಎಳೆದರು. ಆಮೇಲೆ ತಮ್ಮ ಬೆರಳನ್ನು ಅದರ ಮೇಲೆ ಇಟ್ಟರು.

"ಇಲ್ಲಿಂದ ಮ್ಯಾಲ ನಂದು," ಎಂದರು. "ಕೆಳಗಿಂದು ಒಯ್ರಿ."

ಹಸೀನಾಬಿ ಮುಖ ತಿರುಗಿಸಿದರು. ನಾನು ಒದ್ದೆಯಾದರೆ ನೇರಳೆ ಶಾಯಿ ಬಿಡುವ ಕಾಪಿಂಗ್ ಪೆನ್ಸಿಲನ್ನು ನೀರಿಗೆ ಅದ್ದಿ, ಅವರು ಬೆರಳಿಟ್ಟ ಕಡೆ ಕಾಲಿನ ಸುತ್ತ ಗೆರೆ ಎಳೆದೆ.

ಅವರು ಕತ್ತು ಬಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. "ಸೊಟ್ಟ ಆತ್ರಿ," ಎಂದರು.

ಸ್ಪಿರಿಟ್ಟಿನಿಂದ ಒರೆಸಿ, ಮತ್ತೊಮ್ಮೆ ಎಳೆದೆ.